ಹದಿಹರೆಯದ ಕಾದಂಬರಿ, ಮೇಲು-ಕೆಳಗಿನ ಬೆಂಚು: ಬಾಗಲಕೋಟೆ ಜಿಲ್ಲೆಯ ಶಿಕ್ಷಣ ಮತ್ತು ಗ್ರಂಥಾಲಯ ಅಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ:
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಬಾಗಲಕೋಟೆ. ಎಲ್ಲ ತಾಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು. ಜಿಲ್ಲೆಯ ಸಾರ್ವಜನಿಕ ಗ್ರಂಥಾಲಯ ಮತ್ತು ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಿಗೆ (ಹಳ್ಳಿಯ ಗ್ರಂಥಾಲಯಗಳಿಗೆ) ಪುಸ್ತಕ ಆರಿಸುವವರು.

ಮಾನ್ಯರೇ,

ನಮ್ಮ ಶಾಲೆಗಳಿಗೂ ಅರಿವು ಕೇಂದ್ರಗಳಿಗೂ ಪುಸ್ತಕ ಬಂದಾಗ ಎರಡು ಕಪಾಟು ತುಂಬುತ್ತವೆ. ಒಂದರಲ್ಲಿ ನರಿ, ಮೊಲ, ತೆನಾಲಿ ರಾಮ. ಇನ್ನೊಂದರಲ್ಲಿ ಎಸ್ಸೆಸ್ಸೆಲ್ಸಿ ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನ, ಜೊತೆಗೆ ದೊಡ್ಡವರು ಓದುವ ಕಾದಂಬರಿ. ಹದಿಮೂರರಿಂದ ಹದಿನೇಳರ ವಯಸ್ಸಿನವರಿಗೆ ಈ ಎರಡರ ನಡುವೆ ಹೆಚ್ಚೇನೂ ಸಿಗುವುದಿಲ್ಲ. ನರಿಯ ಕತೆಗೆ ಅವರು ದೊಡ್ಡವರಾದರು, ಉಳಿದದ್ದಕ್ಕೆ ಇನ್ನೂ ಚಿಕ್ಕವರು. ಹೀಗಾಗಿ ಮೊಬೈಲಿಗೆ ಹೋಗುತ್ತಾರೆ. ಹೋದ ಮೇಲೆ ಬೈಯುವುದು ನಾವೇ.

ನಮ್ಮ ಬೇಡಿಕೆ ಚಿಕ್ಕದು. ಒಂಬತ್ತನೇ ತರಗತಿಗೆ ವರ್ಷಕ್ಕೆ ಒಂದು ಹದಿಹರೆಯದ ಕಾದಂಬರಿ ಆರಿಸಿ ಕೊಡಿ. ಅದು ಉಳ್ಳವರು-ಇಲ್ಲದವರು, ಒಳಗಿನವರು-ಹೊರಗಿನವರು ಎಂಬ ಗೆರೆಯನ್ನು ನೇರವಾಗಿ ಮುಟ್ಟುವ ಕಾದಂಬರಿಯಾಗಿರಲಿ. ಅದನ್ನು ತರಗತಿಯಲ್ಲೇ ಗಟ್ಟಿಯಾಗಿ ಓದಿ ಮುಗಿಸಲು ವೇಳಾಪಟ್ಟಿಯಲ್ಲಿ ಜಾಗ ಮಾಡಿ. ಎಂಥ ಪುಸ್ತಕ, ಹೇಗೆ ಓದಿಸಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ಮುಂದೆ ಬರೆದಿದ್ದೇವೆ.

ಒಂಬತ್ತನೇ ತರಗತಿಯೇ ಯಾಕೆಂದರೆ, ಓಣಿಯಲ್ಲಿ ಕೂಡಿ ಗೋಲಿ ಆಡಿದ ಹುಡುಗರು ಬೇರೆಯಾಗುವುದು ಆ ಹೊತ್ತಿಗೇ. ಒಬ್ಬ ಸಂಜೆ ಬಾಗಲಕೋಟೆ ನವನಗರದ ಟ್ಯೂಷನ್‌ಗೆ ಹೋಗುತ್ತಾನೆ, ಇನ್ನೊಬ್ಬ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರುತ್ತಾನೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮಾಲೀಕನ ಮಗನೂ ಅದೇ ಮಗ್ಗಕ್ಕೆ ಕೂಲಿಗೆ ಹೋಗುವವನ ಮಗನೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಕರೆಂಟು ಹೋದರೆ ಒಬ್ಬನ ಮನೆಯಲ್ಲಿ ಟಿವಿ ನಿಲ್ಲುತ್ತದೆ, ಇನ್ನೊಬ್ಬನ ಮನೆಯಲ್ಲಿ ಅವತ್ತಿನ ಕೂಲಿ ನಿಲ್ಲುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಹೊಲದ ಬದುವಿನಲ್ಲಿ ಕಟಾವಿನ ಗ್ಯಾಂಗಿನವರ ಜೋಪಡಿ ಏಳುತ್ತವೆ. ಆ ಜೋಪಡಿಯ ಮಕ್ಕಳು ಊರ ಶಾಲೆಗೆ ಬಂದರೂ ಹಾಜರಿ ಪುಸ್ತಕದ ಕೊನೆಯಲ್ಲಿ ಇರುತ್ತಾರೆ. ಬಾದಾಮಿ, ಹುನಗುಂದದ ಮಳೆಯಾಶ್ರಿತ ಊರುಗಳಿಂದ ಗೋವಾಕ್ಕೋ ಬೆಂಗಳೂರಿಗೋ ಗುಳೆ ಹೋದವರ ಮಕ್ಕಳು ಮರಳಿ ಬಂದಾಗ ಸ್ವಂತ ಊರಲ್ಲೇ ಹೊಸಬರು. ಹಾಸ್ಟೆಲ್ ಹುಡುಗರದ್ದು ಮತ್ತೊಂದು ಪಾಡು. ತರಗತಿಯಲ್ಲಿ ಏನೇ ಕಳೆದರೂ ಮೊದಲು ಅವರ ಚೀಲ ಹುಡುಕಲಾಗುತ್ತದೆ.

ಮುಳುಗಡೆ ಊರುಗಳದ್ದನ್ನು ಬೇರೆಯಾಗಿಯೇ ಹೇಳಬೇಕು. ಕಾದಂಬರಿಕಾರರಿಗೆ ಇಷ್ಟು ದೊಡ್ಡ ವಸ್ತು ಕಾಲ ಬುಡದಲ್ಲೇ ಬಿದ್ದಿದೆ. ಆಲಮಟ್ಟಿ ಜಲಾಶಯ ಈಗ 519.60 ಮೀಟರಿಗೆ ತುಂಬುತ್ತದೆ. ಹಿನ್ನೀರು ಘಟಪ್ರಭೆಯ ಗುಂಟ ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿದ್ದರಿಂದಲೇ ನವನಗರ ಎದ್ದಿತು. ಭೂಮಿಯ ಪರಿಹಾರ ಬಂದದ್ದು ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಮೂರು ತಲೆಮಾರು ದುಡಿದವರಿಗೆ ಉತಾರ ಎಲ್ಲಿಂದ ಬರಬೇಕು? ಒಂದೇ ಊರು, ಒಂದೇ ನೀರು. ಆದರೆ ಪುನರ್ವಸತಿ ಕೇಂದ್ರಕ್ಕೆ ಬಂದಿಳಿದಾಗ ಒಬ್ಬರ ಕೈಯಲ್ಲಿ ಆರ್‌ಸಿಸಿ ಮನೆ ಕಟ್ಟುವಷ್ಟು ರೊಕ್ಕ, ಇನ್ನೊಬ್ಬರ ಕೈಯಲ್ಲಿ ತಗಡು. ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸುವ ಮಾತು ಇನ್ನೂ ನಡೆದಿದೆ. ಆಗ ಮುಳುಗುವ ಊರುಗಳ ಮಕ್ಕಳು ಇವತ್ತು ನಮ್ಮ ತರಗತಿಗಳಲ್ಲೇ ಕೂತಿದ್ದಾರೆ. ಹದಿನಾಲ್ಕರ ಹುಡುಗಿಯೊಬ್ಬಳು ಹೇಳುವ ಮುಳುಗಡೆ ಕಾದಂಬರಿ ಪ್ರತಿ ಶಾಲೆಯ ಕಪಾಟಿನಲ್ಲೂ ಇರಬೇಕಿತ್ತು.

ಇಂಥ ವಸ್ತುವಿದ್ದರೆ ಸಾಕು, ಪುಸ್ತಕ ಒಳ್ಳೆಯದಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಬಡತನದ ಬಗ್ಗೆ ಬರೆದ ಕೆಟ್ಟ ಪುಸ್ತಕ ನರಿಯ ಕತೆಗಿಂತ ಹೆಚ್ಚು ಹಾನಿ ಮಾಡುತ್ತದೆ. ಅದನ್ನು ಓದಿದ ಹುಡುಗನಿಗೆ ತಾನು ಇತರರ ಕಣ್ಣಿಗೆ ಬರೀ ಒಂದು ಕನಿಕರ ಎಂದು ಗೊತ್ತಾಗುತ್ತದೆ. ಆದ್ದರಿಂದ ಆಯ್ಕೆ ಸಮಿತಿಯವರು ಮುನ್ನುಡಿ, ಬೆನ್ನುಡಿ ನೋಡಿ ಟಿಕ್ ಹಾಕುವುದನ್ನು ಬಿಟ್ಟು ಮೂರು ಅಧ್ಯಾಯ ಓದಬೇಕು: ಮೊದಲನೆಯದು, ನಡುವಿನದೊಂದು, ಕೊನೆಯದು. ಒಂದು ತಾಸು ಸಾಕು.

ಓದುವಾಗ ಮೊದಲು ರೊಕ್ಕದ ಲೆಕ್ಕ ಹುಡುಕಿ. ಈ ಮನೆಗೆ ವಾರದಲ್ಲಿ ಎಷ್ಟು ಬರುತ್ತದೆ, ಯಾರ ಹತ್ತಿರ ಸಾಲ ಇದೆ, ಸಂತೆಯ ದಿನ ಯಾವುದನ್ನು ಕೊಳ್ಳದೆ ಬರುತ್ತಾರೆ ಎಂಬುದು ಪುಸ್ತಕದಿಂದ ತಿಳಿಯುತ್ತದೆಯೇ? ಬಡತನ ಎಂಬ ಶಬ್ದ ಹತ್ತು ಸಲ ಬಂದು ಒಂದು ಸಲವೂ ಬೆಲೆ ಬರದಿದ್ದರೆ ಆ ಲೇಖಕರಿಗೆ ವಿಷಯ ಗೊತ್ತಿಲ್ಲ. ಆಮೇಲೆ ಭಾಷೆ ನೋಡಿ. ಕೂಲಿಯವನು, ಕೆಲಸದವಳು ಮಾತ್ರ ನಮ್ಮ ಕಡೆಯ ಮಾತಾಡಿ, ಉಳಿದವರೆಲ್ಲ ಪಠ್ಯಪುಸ್ತಕದ ಕನ್ನಡ ಆಡುತ್ತಿದ್ದರೆ ಅಂಥ ಪುಸ್ತಕವನ್ನು ಬದಿಗಿಡಿ. ಜಮಖಂಡಿಯ ಸಾಹುಕಾರನೂ ‘ಬಾರೋ ತಮ್ಮಾ, ಚಾ ಕುಡದ ಹೋಗು’ ಅಂತಲೇ ಅನ್ನುತ್ತಾನೆ. ಮೂರನೆಯದಾಗಿ, ಕೊನೆಗೆ ಗಂಟು ಬಿಡಿಸುವವರು ಯಾರು? ಶ್ರೀಮಂತ ಗೆಳೆಯನ ಅಪ್ಪ ಫೀ ಕಟ್ಟಿದರೆ, ಜಿಲ್ಲಾಧಿಕಾರಿಗಳು ಜೀಪಿನಲ್ಲಿ ಬಂದಿಳಿದರೆ, ಅಥವಾ ಹುಡುಗ ರಾಜ್ಯಕ್ಕೆ ಮೊದಲ ರ್‍ಯಾಂಕ್ ಬಂದು ಎಲ್ಲರ ಬಾಯಿ ಮುಚ್ಚಿಸಿದರೆ, ಆ ಪುಸ್ತಕ ರ್‍ಯಾಂಕ್ ಬಾರದ ಉಳಿದೆಲ್ಲರಿಗೂ ‘ನಿಮ್ಮ ತಪ್ಪು’ ಎಂದು ಹೇಳಿದಂತೆ. ಉಳ್ಳವರ ಮನೆಯ ಹುಡುಗನಿಗೂ ಒಂದು ಒಳಮನಸ್ಸು ಇರಬೇಕು. ಅವನು ಬರೀ ಸೊಕ್ಕಿನ ಗೊಂಬೆಯಾದರೆ ತರಗತಿಯ ಅರ್ಧ ಮಕ್ಕಳು ಎರಡನೇ ಅಧ್ಯಾಯಕ್ಕೇ ಕಿವಿ ಮುಚ್ಚಿಕೊಳ್ಳುತ್ತಾರೆ.

ಇದನ್ನು ಹತ್ತಿರದಿಂದ ತೋರಿಸಲು ಎರಡು ತುಣುಕು ನಾವೇ ಬರೆದು ಕೊಡುತ್ತೇವೆ. ಮೊದಲನೆಯದು, ಬೇಡವಾದ ಬಗೆ:

‘ಬಡವನಾದ ಬಸುವಿನ ಹರಿದ ಅಂಗಿಯನ್ನು ನೋಡಿ ಎಲ್ಲರೂ ನಕ್ಕರು. ಅವನ ಕಣ್ಣಲ್ಲಿ ನೀರು ತುಂಬಿತು. ತಾನು ಚೆನ್ನಾಗಿ ಓದಿ ದೊಡ್ಡ ಅಧಿಕಾರಿಯಾಗಬೇಕೆಂದು ನಿಶ್ಚಯಿಸಿದನು.’

ಇನ್ನೊಂದು:

‘ಪ್ರವಾಸದ ರೊಕ್ಕ ಯಾರ್‍ಯಾರು ತಂದೀರಿ ಅಂತ ಸರ್ ಕೇಳೂಕಿನ ಮೊದಲ ಬಸು ಎದ್ದು ನಿಂತ. ನಮ್ಮ ಕಾಕಾನ ಲಗ್ನ ಐತ್ರಿ ಸರ್, ನಾ ಬರೂದು ಆಗೂದಿಲ್ಲ. ಹೋದ ವರ್ಷನೂ ಕಾಕಾನ ಲಗ್ನ ಇತ್ತು. ಬಾಜೂಕ ಕುಂತ ವಿನಾಯಕಗ ಗೊತ್ತಿತ್ತು, ಬಸುಗ ಕಾಕಾನ ಇಲ್ಲ. ವಿನಾಯಕನೂ ಎದ್ದ. ಸರ್, ನಾನೂ ಹೋಗಂಗಿಲ್ರಿ, ನಂಗ ಬಸ್ಸಿನ್ಯಾಗ ವಾಂತಿ ಆಕ್ಕೈತಿ. ಬಸು ಆ ದಿನ ಪೂರ್ತಿ ಅವನ ಕೂಡ ಮಾತಾಡಲಿಲ್ಲ.’

ಎರಡನೆಯದರಲ್ಲಿ ಬಡತನ ಎಂಬ ಶಬ್ದವೇ ಇಲ್ಲ. ಯಾರೂ ನಗಲಿಲ್ಲ, ಯಾರೂ ಅಳಲಿಲ್ಲ. ಕೇಳುವ ಮೊದಲೇ ಸುಳ್ಳು ಸಿದ್ಧಮಾಡಿಟ್ಟುಕೊಳ್ಳುವುದು ಈ ಮಕ್ಕಳ ದಿನನಿತ್ಯದ ಕೆಲಸ ಎಂದು ಲೇಖಕನಿಗೆ ತಿಳಿದಿದೆ. ಅದಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು. ಗೆಳೆಯನ ಒಳ್ಳೆಯತನವೇ ಬಸುಗೆ ಚುಚ್ಚಿತು, ಯಾಕೆಂದರೆ ತನ್ನ ಸುಳ್ಳು ಅವನಿಗೆ ಗೊತ್ತಿದೆ ಎಂಬುದು ಬಯಲಾಯಿತು. ತರಗತಿಯಲ್ಲಿ ಈ ಸಾಲಿಗೆ ಬಂದು ‘ಬಸು ಯಾಕ ಮಾತಾಡಲಿಲ್ಲ?’ ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಿದ್ದರೆ ಹತ್ತು ನಿಮಿಷದ ಮಾತು ತಾನಾಗಿ ಹುಟ್ಟುತ್ತದೆ. ವಿನಾಯಕನ ಪರವಾಗಿಯೂ ಜನ ಏಳುತ್ತಾರೆ, ಏಳಬೇಕು.

ಹೊರಗಿನ ಮಾದರಿ ಬೇಕೆನ್ನುವವರಿಗೆ ಒಂದನ್ನು ಹೆಸರಿಸಬಹುದು. ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ಊರಿನ ಎಸ್.ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಬರೆದು, 1967ರಲ್ಲಿ ಅಚ್ಚಾದ ‘ದಿ ಔಟ್‌ಸೈಡರ್ಸ್’. ಊರಿನ ಎರಡು ದಿಕ್ಕಿನ ಎರಡು ಹುಡುಗರ ಗುಂಪು, ಒಂದು ಬಡವರದು, ಒಂದು ಉಳ್ಳವರದು. ಹೇಳುವವನು ಬಡವರ ಗುಂಪಿನ ಹದಿನಾಲ್ಕರ ಹುಡುಗ. ತಂದೆ-ತಾಯಿ ಇಲ್ಲದ ಮನೆ. ದೊಡ್ಡ ಅಣ್ಣ ಕಾಲೇಜು ಬಿಟ್ಟುಕೊಟ್ಟು ಮನೆಗಳಿಗೆ ಛಾವಣಿ ಹಾಕುವ ಕೆಲಸಕ್ಕೆ ಹೋಗುತ್ತಾನೆ, ನಡುವಿನವನು ಶಾಲೆ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾನೆ. ಅಲ್ಲಿ ವರ್ಗ ಕಾಣುವುದು ಭಾಷಣದಲ್ಲಿ ಅಲ್ಲ, ಎಣ್ಣೆ ಹಚ್ಚಿ ಬೆಳೆಸಿದ ಕೂದಲಿನಲ್ಲಿ. ಪೊಲೀಸರಿಗೆ ಗುರುತು ಸಿಗಬಾರದೆಂದು ಆ ಕೂದಲು ಕತ್ತರಿಸಿಕೊಳ್ಳಬೇಕಾಗಿ ಬಂದಾಗ ಹುಡುಗರಿಗೆ ಆಗುವ ಸಂಕಟ ಓದಿದರೆ ಸಾಕು, ಒಂದು ಚಿಕ್ಕ ವಸ್ತು ಎಷ್ಟು ಭಾರ ಹೊರಬಲ್ಲದು ಎಂದು ನಮ್ಮ ಬರಹಗಾರರಿಗೆ ತಿಳಿಯುತ್ತದೆ. ಉಳ್ಳವರ ಕಡೆಯ ಹುಡುಗಿಯೂ ಅಲ್ಲಿ ಗೊಂಬೆಯಲ್ಲ, ಅವಳಿಗೂ ಮಾತಿದೆ.

ಆದರೆ ಅದನ್ನು ಇಲ್ಲಿಗೆ ತಂದು ಹೆಸರು ಬದಲಿಸಿ ಬರೆದರೆ ಕೆಡುತ್ತದೆ. ಅಲ್ಲಿ ಎರಡೂ ಗುಂಪಿನವರು ಬಿಳಿಯರೇ, ನಡುವಿನ ಗೆರೆ ಮುಖ್ಯವಾಗಿ ಹಣದ್ದು. ಇಲ್ಲಿ ಹಣದ ಗೆರೆಗಿಂತ ಮೊದಲೇ ಓಣಿಯ ಗೆರೆ ಎಳೆದಾಗಿದೆ. ನೇಕಾರರ ಓಣಿಯ ಬಡವನೂ ಕೇರಿಯ ಬಡವನೂ ಬಡವರೇ, ಆದರೆ ಸಾಹುಕಾರರ ಮನೆಯಲ್ಲಿ ಇಬ್ಬರಿಗೂ ಒಂದೇ ಜಾಗ ಸಿಗುವುದಿಲ್ಲ. ಕೇರಿಯ ಹುಡುಗನ ಅಪ್ಪ ಸರ್ಕಾರಿ ನೌಕರಿಯಲ್ಲಿದ್ದು ನವನಗರದಲ್ಲಿ ಮನೆ ಕಟ್ಟಿಸಿದ್ದರೂ ಜಾತಿ ತಿಳಿಯಲು ಹುಡುಗನ ಮನೆತನದ ಅಡ್ಡಹೆಸರು ಕೇಳುವುದು ನಿಲ್ಲುವುದಿಲ್ಲ. ಜಾತಿಯನ್ನು ಬಿಟ್ಟು ಬರೀ ಬಡವ-ಶ್ರೀಮಂತ ಎಂದು ಬರೆದ ಕನ್ನಡ ಹದಿಹರೆಯದ ಕಾದಂಬರಿ ಅರ್ಧ ಸುಳ್ಳು. ಜಾತಿಯೊಂದನ್ನೇ ಬರೆದು ರೊಕ್ಕದ ಮಾತೆತ್ತದಿದ್ದರೆ ಉಳಿದರ್ಧ ಸುಳ್ಳು. ಕೂಡಲಸಂಗಮ ಇರುವ ಜಿಲ್ಲೆ ನಮ್ಮದು, ವಚನ ಎಲ್ಲ ಮಕ್ಕಳಿಗೂ ಬಾಯಿಪಾಠ. ಜಯಂತಿಯ ದಿನ ಹಾಡಿಸಿ ಮರುದಿನ ಅದೇ ಬೆಂಚಿನ ವ್ಯವಸ್ಥೆಗೆ ಮರಳುವುದೂ ನಮಗೆ ರೂಢಿ.

ಇನ್ನು ಓದಿಸುವ ಕ್ರಮ. ಕನ್ನಡ ಕಾದಂಬರಿಯ ಒಂದು ಪುಟದಲ್ಲಿ ಸುಮಾರು 220 ಪದ. ತರಗತಿಗೆ ಕೇಳುವಂತೆ ನಿಧಾನವಾಗಿ ಓದಿದರೆ ನಿಮಿಷಕ್ಕೆ 95 ಪದದ ಆಚೀಚೆ. 40 ನಿಮಿಷದ ಅವಧಿಯಲ್ಲಿ ಐದು ನಿಮಿಷ ಹಿಂದಿನ ಕತೆ ನೆನಪಿಸಲು, 20 ನಿಮಿಷ ಓದಲು, 15 ನಿಮಿಷ ಮಾತಿಗೆ. ಅಲ್ಲಿಗೆ ಒಂದು ಅವಧಿಗೆ ಎಂಟು-ಒಂಬತ್ತು ಪುಟ, 120 ಪುಟದ ಕಾದಂಬರಿಗೆ 14 ಅವಧಿ. 200 ಪುಟದ್ದನ್ನು ಆರಿಸಬೇಡಿ, ಮುಗಿಯುವುದಿಲ್ಲ. ವಾರಕ್ಕೆ ಎರಡು ಅವಧಿಯಂತೆ ಏಳು ವಾರ. ವಾರಕ್ಕೆ ಒಂದೇ ಅವಧಿ ಇಟ್ಟರೆ ಹಿಂದಿನ ಕತೆ ಮರೆತು ನೆನಪಿಸುವುದರಲ್ಲೇ ಹೊತ್ತು ಹೋಗುತ್ತದೆ.

ಜುಲೈ ಮೊದಲ ವಾರ ಶುರು ಮಾಡಿ ಆಗಸ್ಟ್ ಕೊನೆಗೆ ಮುಗಿಸಬೇಕು ಎಂದು ನಾವು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ದಸರಾ ರಜೆಯ ನಂತರ ಗುಳೆ ಶುರು, ಕಬ್ಬಿನ ಹಂಗಾಮು ಶುರು. ಯಾರಿಗಾಗಿ ಈ ಪುಸ್ತಕ ಆರಿಸಿದೆವೋ ಅವರೇ ಕತೆಯ ಅಂತ್ಯ ಕೇಳದೆ ಹೋಗಿಬಿಡುತ್ತಾರೆ.

ಪ್ರತಿಗಳ ವಿಷಯ: ನಾಲ್ವರಿಗೆ ಒಂದು. 60 ಮಕ್ಕಳ ತರಗತಿಗೆ 15 ಪ್ರತಿ, ಪ್ರತಿಗೆ 150 ರೂಪಾಯಿಯಂತೆ ಹಿಡಿದರೆ 2,250 ರೂಪಾಯಿ. ಐವರು, ಆರು ಮಂದಿ ಹಂಚಿಕೊಂಡರೆ ತುದಿಯಲ್ಲಿ ಕೂತವರಿಗೆ ಪುಟ ಕಾಣುವುದಿಲ್ಲ. ತುದಿಯಲ್ಲಿ ಕೂರುವವರು ಯಾರೆಂದು ಹೇಳಬೇಕಿಲ್ಲ. ಬೆಂಚಿನ ಪ್ರಕಾರ ಗುಂಪು ಮಾಡಬೇಡಿ, ಬೆಂಚು ಆಗಲೇ ಓಣಿಯ ಪ್ರಕಾರ ತುಂಬಿರುತ್ತದೆ. ಹಾಜರಿ ಸಂಖ್ಯೆ ಹಿಡಿದು ಮಾಡಿ, ಎರಡು ವಾರಕ್ಕೊಮ್ಮೆ ಬದಲಿಸಿ. ಬೇರೆ ಓಣಿಯವರ ಪಕ್ಕ ಕೂರಲು ಮೊದಲ ವಾರ ಗೊಣಗುತ್ತಾರೆ. ಕತೆ ಹಿಡಿದ ಮೇಲೆ ಮರೆಯುತ್ತಾರೆ. ಎರಡು ಪ್ರತಿ ಹಳ್ಳಿಯ ಅರಿವು ಕೇಂದ್ರದಲ್ಲಿ ಇರಲಿ, ಒಂದು ದಿನ ತಪ್ಪಿಸಿಕೊಂಡವರು ಸಂಜೆ ಅಲ್ಲಿ ಓದಿಕೊಳ್ಳಬಹುದು.

ಮೊದಲ ಮೂರು ಅವಧಿ ಶಿಕ್ಷಕರೇ ಓದಬೇಕು. ಆಮೇಲೆ ಇಷ್ಟವಿದ್ದವರು. ಸಾಲಾಗಿ ಎಬ್ಬಿಸಿ ಓದಿಸುವ ರೂಢಿ ಇಲ್ಲಿ ಬೇಡವೇ ಬೇಡ. ತಡವರಿಸಿ ಓದುವ ಹುಡುಗ ಕತೆಯ ಬಡ ಹುಡುಗನ ಮಾತನ್ನೇ ತಡವರಿಸಿ ಓದಿದರೆ ಅವತ್ತಿನಿಂದ ಅವನಿಗೆ ಆ ಪಾತ್ರದ ಹೆಸರು ಅಂಟುತ್ತದೆ. ಪುಸ್ತಕ ಶುರುವಾಗುವ ಮುನ್ನ ಹಾಜರಿ ಪುಸ್ತಕವನ್ನೂ ಪಾತ್ರಗಳ ಹೆಸರನ್ನೂ ತಾಳೆ ನೋಡಿ. ತರಗತಿಯಲ್ಲಿ ಒಬ್ಬ ಬಸು ಇದ್ದರೆ ಕತೆಯ ಬಸುಗೆ ಓದುವಾಗ ಬೇರೆ ಹೆಸರು ಇಡಿ. ಸಂಭಾಷಣೆ ನಮ್ಮ ಕಡೆಯ ಮಾತಿನಲ್ಲಿದ್ದರೆ ಅದನ್ನು ಓದಲು ಹಿಂದಿನ ಬೆಂಚಿನವರೇ ಮುಂದೆ ಬರುತ್ತಾರೆ, ಚೆನ್ನಾಗಿಯೂ ಓದುತ್ತಾರೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಒಂದೇ ಪ್ರಶ್ನೆಯಿಂದ ಆಗುತ್ತದೆ: ‘ನಿಮ್ಮಲ್ಲಿ ಯಾರಿಗೆ ಹಿಂಗ ಆಗೈತಿ?’ ಸದುದ್ದೇಶದಿಂದಲೇ ಕೇಳಿರುತ್ತಾರೆ. ಆದರೆ ಆ ಕ್ಷಣಕ್ಕೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ, ಉಳಿದರ್ಧ ಒಬ್ಬನ ಕಡೆ ತಿರುಗಿ ನೋಡುತ್ತದೆ. ಮಕ್ಕಳ ಸ್ವಂತ ಬದುಕನ್ನು ಬಾಯಲ್ಲೂ ಕೇಳಬಾರದು, ಹೆಸರು ಹಾಕಿದ ಹಾಳೆಯಲ್ಲೂ ಬರೆಸಬಾರದು. ಪಾತ್ರದ ಬಗ್ಗೆ ಮಾತ್ರ ಕೇಳಿ. ಪಾತ್ರದ ಮರೆಯಲ್ಲಿ ಅವರು ಹೇಳಬೇಕಾದ್ದನ್ನೆಲ್ಲ ಹೇಳುತ್ತಾರೆ.

ಅದಕ್ಕೆ ಎರಡು ಚಟುವಟಿಕೆ ಸಾಕು. ಒಂದು, ಪಾತ್ರದ ಮನೆಯ ಒಂದು ವಾರದ ಖರ್ಚಿನ ಚೀಟಿ: ಜೋಳ, ಎಣ್ಣೆ, ಗ್ಯಾಸು, ಬಸ್ಸು, ಸಂಘದ ಸಾಲದ ಕಂತು. ಪುಸ್ತಕದಲ್ಲಿ ಇರುವುದನ್ನು ಬರೆದು, ಇಲ್ಲದ್ದನ್ನು ಗುಂಪಿನವರು ಚರ್ಚಿಸಿ ತುಂಬಬೇಕು. ಸಂತೆಯ ಬೆಲೆ ಯಾರಿಗೆ ಬಾಯಿಪಾಠ, ಯಾರಿಗೆ ಏನೂ ಗೊತ್ತಿಲ್ಲ ಎಂಬುದು ಅಲ್ಲಿ ತಿಳಿಯುತ್ತದೆ. ತರಗತಿಯಲ್ಲಿ ಯಾವತ್ತೂ ಬಾಯಿ ಬಿಡದವರು ಅವತ್ತು ಗುಂಪಿನ ಯಜಮಾನರಾಗುತ್ತಾರೆ.

ಇನ್ನೊಂದು, ಬಾಗಿಲ ನಕ್ಷೆ. ಒಂದು ಡ್ರಾಯಿಂಗ್ ಹಾಳೆಯಲ್ಲಿ ಕತೆಯ ದೊಡ್ಡ ಮನೆಯ ಕಟ್ಟಿ, ಪಡಸಾಲಿ, ಅಡಗಿಮನಿ, ದೇವರಮನಿ, ಹಿತ್ತಲ ಬಾಗಿಲು ಬರೆಯಬೇಕು. ಯಾವ ಪಾತ್ರ ಯಾವ ಬಾಗಿಲಿನಿಂದ ಬಂತು, ಎಲ್ಲಿಯವರೆಗೆ ಹೋಯಿತು, ಎಲ್ಲಿ ಕೂತಿತು, ಚಹಾ ಸ್ಟೀಲ್ ಲೋಟದಲ್ಲಿ ಸಿಕ್ಕಿತೋ ಪೇಪರ್ ಕಪ್ಪಿನಲ್ಲೋ ಎಂದು ಒಂದೊಂದು ಬಣ್ಣದ ಗೆರೆ ಎಳೆಯಬೇಕು. ಪ್ರತಿ ಅಧ್ಯಾಯಕ್ಕೆ ಹೊಸ ಗೆರೆ. ಹತ್ತನೇ ಅವಧಿಯ ಹೊತ್ತಿಗೆ ಪಡಸಾಲಿಯ ಹೊಸ್ತಿಲಿನಲ್ಲಿ ಗೆರೆಗಳು ಒಟ್ಟಾಗಿ ನಿಂತಿರುತ್ತವೆ, ಒಂದೆರಡು ಮಾತ್ರ ಒಳಗೆ ಹೋಗಿರುತ್ತವೆ. ಜಾತಿ, ವರ್ಗ ಎಂದು ಶಿಕ್ಷಕರು ಬಾಯಿ ಬಿಡುವ ಅಗತ್ಯವೇ ಇಲ್ಲ. ಈ ಎರಡನ್ನೂ ಕನ್ನಡ ವಿಷಯದ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ಶಾಲೆಯಲ್ಲೇ ನಡೆಯುವ ಮೌಲ್ಯಮಾಪನದ) ಚಟುವಟಿಕೆಯಾಗಿ ಒಪ್ಪಿಕೊಂಡರೆ ಶಿಕ್ಷಕರಿಗೆ ಬೇರೆ ಹೊರೆಯಾಗದು. ಕಾದಂಬರಿಯ ಮೇಲೆ ಪ್ರಶ್ನೆಪತ್ರಿಕೆ ಮಾತ್ರ ಬೇಡ. ಮಾಡಿದರೆ ಮರುವರ್ಷ ಅದಕ್ಕೂ ಗೈಡು ಬರುತ್ತದೆ.

ಬೈಗುಳದ ಬಗ್ಗೆ ಒಂದು ಮಾತು. ಹದಿಹರೆಯದವರ ಜಗಳ ಇರುವ ಕಾದಂಬರಿಯಲ್ಲಿ ‘ಲೇ ಮಗನ’ ಇರುತ್ತದೆ, ಇರಲಿ. ಅದಕ್ಕೇ ಪುಸ್ತಕ ತಿರಸ್ಕರಿಸಿದರೆ ಉಳಿಯುವುದು ಮತ್ತೆ ನರಿ, ಮೊಲ. ಜಾತಿ ಹಿಡಿದು ಬೈದ ಶಬ್ದ ಬಂದಾಗ ಮಾತ್ರ ಎಚ್ಚರ: ಅದನ್ನು ಮಕ್ಕಳಿಂದ ಓದಿಸಬಾರದು. ಶಿಕ್ಷಕರು ‘ಇಲ್ಲಿ ಜಾತಿ ಎತ್ತಿ ಬೈದಿದ್ದಾನೆ’ ಎಂದಷ್ಟೇ ಹೇಳಿ, ಪರಿಶಿಷ್ಟ ಜಾತಿ-ಪಂಗಡದವರನ್ನು ಸಾರ್ವಜನಿಕವಾಗಿ ಹೀಗೆ ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ ಎಂದು ಎರಡು ವಾಕ್ಯ ತಿಳಿಸಿ ಮುಂದೆ ಸಾಗಬೇಕು.

ಊರಿನಿಂದ ತಕರಾರು ಬಂದೇ ಬರುತ್ತದೆ. ಮಗ್ಗದ ಮಾಲೀಕರೋ ಹತ್ತೆಕರೆ ಕಬ್ಬಿನವರೋ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಇರುತ್ತಾರೆ. ‘ಸಾಲ್ಯಾಗ ನಮ್ಮನ್ನ ಕೆಟ್ಟವ್ರು ಅಂತ ಓದಿಸಾಕತ್ತಾರ’ ಎಂಬ ಮಾತು ಎದ್ದರೆ, ಬೆಂಕಿ ತಗಲುವುದು ಆ ಒಬ್ಬ ಕನ್ನಡ ಶಿಕ್ಷಕಿಗೆ. ಆದ್ದರಿಂದ ಪುಸ್ತಕ ಶುರುವಾಗುವ ಮೊದಲೇ ಮುಖ್ಯ ಶಿಕ್ಷಕರು ಒಂದು ಪ್ರತಿಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟು ಓದಲು ಕೊಡಬೇಕು. ಅದಕ್ಕಿಂತ ಹೆಚ್ಚಾಗಿ ನಿಮ್ಮ ಕಚೇರಿಯಿಂದ ಸಹಿ ಮಾಡಿದ ಐದು ಸಾಲಿನ ಸುತ್ತೋಲೆ ಬೇಕು: ಪುಸ್ತಕದ ಹೆಸರು, ತರಗತಿ, ಅವಧಿಗಳ ಸಂಖ್ಯೆ, ಚಟುವಟಿಕೆ, ಆಯ್ಕೆ ಮಾಡಿದ್ದು ಇಲಾಖೆಯೇ ಎಂಬ ಒಂದು ವಾಕ್ಯ. ಬಾಯಿಮಾತಿನ ಅನುಮತಿ ತಕರಾರಿನ ದಿನ ಕೆಲಸಕ್ಕೆ ಬರುವುದಿಲ್ಲ.

ದುಡ್ಡಿನ ಮಾತು ಬಂದರೆ, 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಜನರು ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದಾರೆ. ತಗಡಿನ ಮನೆಯವರೂ ಕಟ್ಟುತ್ತಾರೆ. ಆ ಹಣದಲ್ಲಿ ಒಂದಿಷ್ಟು ಈ ಪುಸ್ತಕಗಳಿಗೆ ಬರಲಿ.

ಜೂನ್ ಮೊದಲ ವಾರದಲ್ಲಿ ತಾಲೂಕಿಗೆ ಐದು ಜನರ ಆಯ್ಕೆ ಸಮಿತಿ ಕೂರಿಸಿ: ಇಬ್ಬರು ಕನ್ನಡ ಶಿಕ್ಷಕರು, ಒಬ್ಬರು ಅರಿವು ಕೇಂದ್ರದವರು, ಒಬ್ಬರು ಹಾಸ್ಟೆಲ್ ವಾರ್ಡನ್, ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ. ಮೂರು ಕಾದಂಬರಿ ಮುಂದಿಟ್ಟು ಒಂದನ್ನು ಆರಿಸಲಿ. ಜೂನ್ ಕೊನೆಗೆ ಸುತ್ತೋಲೆ, ಜುಲೈ ಮೊದಲ ವಾರಕ್ಕೆ ಪ್ರತಿಗಳು ಶಾಲೆಯಲ್ಲಿ ಇರಬೇಕು. ಅಷ್ಟರೊಳಗೆ ಆಗದಿದ್ದರೆ ಈ ವರ್ಷ ಬಿಟ್ಟುಬಿಡಿ, ನವೆಂಬರಿನಲ್ಲಿ ಅವಸರದಿಂದ ಪುಸ್ತಕ ಕಳಿಸಬೇಡಿ. ಆಗ ತರಗತಿಯಲ್ಲಿ ಉಳಿದಿರುವವರು ಪುಸ್ತಕವನ್ನು ಮನೆಯಲ್ಲೇ ಕೊಂಡು ಓದಬಲ್ಲವರು.

ತಮ್ಮ ವಿಶ್ವಾಸಿಗಳು,
ಬಾಗಲಕೋಟೆ ಜಿಲ್ಲೆಯ ಕೆಲವು ಪ್ರೌಢಶಾಲಾ ಕನ್ನಡ ಶಿಕ್ಷಕರು ಹಾಗೂ ಗ್ರಂಥಪಾಲಕರು